ತೂಕವಿಲ್ಲದೆಡೆ ತೂಗುವುದೆಂತು?

1973ರಲ್ಲಿ ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣವು ಭೂಮಿಯನ್ನು ಸುತ್ತತೊಡಗಿತು. ಅದರೊಳಗಣ ಯಾತ್ರಿಕರ ಮೈ ಕರಗುತ್ತಿದೆಯೇ ಎಂಬುದನ್ನು ವೈದ್ಯರು ಅರಿಯಬೇಕಾಗಿತ್ತು. ತೂಗಿ ನೋಡೋಣವೆಂದರೆ, ಭೂಮಿಯ ಸೆಳೆತ ಅಲ್ಲಿಯೂ ಇದ್ದೇ ಇದೆ. ಆದರೆ ತೂಕದ ಯಂತ್ರವೂ ಮನುಷ್ಯನೂ ಜೊತೆಯಾಗಿ ಬೀಳುತ್ತಲೇ ಇರುವುದರಿಂದ ಮುಳ್ಳು ಸೊನ್ನೆಯಿಂದ ಕದಲದು.

ನಾವು ತೂಕವೆನ್ನುವುದು ಆ ಸೆಳೆತದ ಬಲವನ್ನು. ದ್ರವ್ಯರಾಶಿಯಾದರೋ ದೇಹದೊಡನೆಯೇ ಇರುತ್ತದೆ. ಚಲನೆಯ ಬದಲಾವಣೆಗೆ ಅದು ಒಡ್ಡುವ ತಡೆಯೇ ಅದರ ಗುರುತು. ವೈದ್ಯ ವಿಲಿಯಂ ಥಾರ್ನ್‌ಟನ್ ಇದನ್ನೇ ಹಿಡಿದು ಸ್ಪ್ರಿಂಗಿನ ಕುರ್ಚಿಯೊಂದನ್ನು ರೂಪಿಸಿದ್ದರು. ಅದರಲ್ಲಿ ಯಾತ್ರಿಕನನ್ನು ಬಿಗಿದು ಓಲಾಡಿಸಿದರೆ, ದ್ರವ್ಯರಾಶಿ ಹೆಚ್ಚಿದ್ದಷ್ಟೂ ಓಲಾಟ ನಿಧಾನ. ಮೈ ಸಡಿಲಬಿಟ್ಟರೆ ಲೆಕ್ಕ ಕೆಟ್ಟಿತೆಂದೇ ತಿಳಿಯಿರಿ! ಮೊದಲ ತಂಡದ ಮೂವರ ಮೈಯೂ ಇಳಿದುದನ್ನು ಈ ಕುರ್ಚಿ ತೋರಿಸಿಕೊಟ್ಟಿತು.