ತಂಗುದಾಣದಲ್ಲಿ ಮಲಗುವವರಿಗೆ ಆಶ್ರಯ ಎಲ್ಲಿದೆ?



ಚಳಿಗಾಲದ ಒಂದು ರಾತ್ರಿ ದೇವರಾಯಸಮುದ್ರದ ಬಸ್ ತಂಗುದಾಣದಲ್ಲಿ ಒಬ್ಬ ಅಜ್ಜಿ ಗೋಣಿಚೀಲ ಹೊದ್ದು ಮಲಗಿದ್ದರು. ನಮ್ಮ ಸಂಘದ ಹೆಂಗಸರು ಊಟ ಕೊಟ್ಟರು, ಆದರೆ ಯಾರಿಗೂ ತಿಳಿಸಲಿಲ್ಲ. "ಹೇಳಿದ್ರೆ ಭಿಕ್ಷುಕರ ಕಾಲೋನಿಗೆ ಹಿಡ್ಕೊಂಡು ಹೋಗ್ತಾರೆ ಸಿಸ್ಟರ್" ಅಂದರು. ಬೆಳಿಗ್ಗೆ ಅಜ್ಜಿ ಅಲ್ಲಿರಲಿಲ್ಲ. ಎಲ್ಲಿ ಹೋದರೋ ನಮಗೆ ಇವತ್ತಿಗೂ ಗೊತ್ತಿಲ್ಲ. ಈ ಭಯ ಹೋಗಬೇಕಾದರೆ ಎರಡು ವ್ಯವಸ್ಥೆಗಳ ವ್ಯತ್ಯಾಸ ತಿಳಿದಿರಬೇಕು.

ಒಂದು, ನಿರಾಶ್ರಿತರ ಪರಿಹಾರ ಕೇಂದ್ರ. ಇದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಬರುತ್ತದೆ. ಭಿಕ್ಷೆ ಬೇಡುವವರನ್ನು ಹಿಡಿದು ಇಲ್ಲಿ ಇಡಬಹುದು. ಇದರ ಖರ್ಚಿಗೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 3ರ ಕರ ಇದೆ.

ಇನ್ನೊಂದು, ನಗರ ವಸತಿರಹಿತರ ಆಶ್ರಯ ಕೇಂದ್ರ. ಇಲ್ಲಿ ಹಿಡಿದು ಇಡುವುದಿಲ್ಲ. ಬರುವುದೂ ಹೋಗುವುದೂ ಅವರವರ ಇಷ್ಟ. 2010ರಲ್ಲಿ ಸುಪ್ರೀಂ ಕೋರ್ಟ್ ಆದೇಶಗಳು ಬಂದವು. 2013ರ ನಗರ ಜೀವನೋಪಾಯ ಮಿಷನ್ನಿನ ಮಾರ್ಗಸೂಚಿ ಅಳತೆಯನ್ನೂ ಹೇಳಿತು: ಒಂದು ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಜಾಗ, ತಲಾ 50 ಚದರ ಅಡಿ, ದಿನದ 24 ಗಂಟೆ ತೆರೆದ ಬಾಗಿಲು, ನೀರು, ಶೌಚಾಲಯ, ಅಡುಗೆಮನೆ. ಪಾಳಿಯಲ್ಲಿ ಕೆಲಸ ಮಾಡುವ ಮೇಲ್ವಿಚಾರಕರೂ ಇರಬೇಕು. ಜಾಗ ಕೊಟ್ಟರೆ ಸಾಲದು. ಗುರುತಿನ ಚೀಟಿ, ಪಡಿತರ, ಪಿಂಚಣಿ ಸಿಗುವಂತೆಯೂ ನೋಡಬೇಕು. ಆಗಲೇ ಮನುಷ್ಯ ಮುಂದಿನ ಮನೆ ಹುಡುಕಲು ಸಾಧ್ಯ.

ನಮ್ಮ ಕಷ್ಟ ಇಲ್ಲೇ ಇದೆ. ಈ ಲೆಕ್ಕ ನಗರಕ್ಕೆ ಮಾತ್ರ. 2011ರ ಜನಗಣತಿಯಲ್ಲಿ ಕೋಲಾರ ನಗರದ ಜನಸಂಖ್ಯೆ ಒಂದು ಲಕ್ಷ ದಾಟಿತ್ತು, ಮುಳಬಾಗಿಲಿನದು ದಾಟಿರಲಿಲ್ಲ. ಹಳ್ಳಿಗಳಂತೂ ಲೆಕ್ಕಕ್ಕೇ ಬರಲಿಲ್ಲ. ಆದರೂ ದಾರಿ ಇಲ್ಲ ಅಂತಲ್ಲ:

• ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳು: 181ಕ್ಕೆ ಕರೆ ಮಾಡಿ. ಜಿಲ್ಲೆಯ ಸಖಿ ಕೇಂದ್ರದಲ್ಲಿ 5 ದಿನದವರೆಗೆ ಉಳಿಯಬಹುದು. ಹೆಚ್ಚು ಕಾಲ ಬೇಕಾದವರಿಗೆ ಶಕ್ತಿ ಸದನ.
• ಮಕ್ಕಳು: 1098. ಮಕ್ಕಳನ್ನು ಇಟ್ಟುಕೊಳ್ಳುವ ಯಾವುದೇ ಸಂಸ್ಥೆ 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು, ನಮ್ಮಂಥವರದೂ ಸೇರಿ.
• ವೃದ್ಧರು: 14567.
• ಮಾನಸಿಕ ಅಸ್ವಸ್ಥರಾಗಿ ಅಲೆಯುವವರು: 2017ರ ಕಾಯ್ದೆಯಂತೆ ಪೊಲೀಸರು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ.

ಮುಂದಿನ ಸಲ ತಂಗುದಾಣದಲ್ಲಿ ಯಾರಾದರೂ ಮಲಗಿದ್ದು ಕಂಡರೆ ಊಟ ಕೊಡಿ. ಹತ್ತಿರ ಕೂತು ಹೆಸರು, ಊರು ಕೇಳಿ. ಅವರಿಗೆ ಏನು ಬೇಕು ಅಂತಲೂ ಕೇಳಿ. ಆಮೇಲೆ ಫೋನ್ ಮಾಡಿ. ಬೆಳಗಾಗುವವರೆಗೆ ಕಾಯಬೇಡಿ.