ಕೃಷ್ಣೆಯ ದಂಡೆಗೆ ಬಂದ ಹೊಗೆಕೊಳವೆ

ಯಾದಗಿರಿ ಜಿಲ್ಲೆಯ ವಡಗೇರಾ ತಾಲ್ಲೂಕಿನ ಒಂದು ಮಗ್ಗುಲಿಗೆ ಭೀಮೆ, ಇನ್ನೊಂದಕ್ಕೆ ಕೃಷ್ಣೆ. ಅವೆರಡೂ ಕೂಡುವ ತಾವಿನ ಸಮೀಪ, ಕೃಷ್ಣೆಯ ಆಚೆ ದಡದಲ್ಲಿ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ 1985ರಿಂದ ಕಲ್ಲಿದ್ದಲು ಉರಿಸುತ್ತಿದೆ. ಸಾಮರ್ಥ್ಯ 1,720 ಮೆಗಾವಾಟ್. ಬೆಂಗಳೂರಿನವರು ರಾತ್ರಿ ಚಾರ್ಜಿಗಿಟ್ಟ ಕಾರಿಗೆ ಹೊಗೆಕೊಳವೆ ಇರುವುದಿಲ್ಲ, ನಿಜ. ಅದು ಇಲ್ಲಿರುತ್ತದೆ.

ಲೆಕ್ಕ ಹಾಕಿ ನೋಡಬಹುದು. ಸಣ್ಣ ಎಲೆಕ್ಟ್ರಿಕ್ ಕಾರು 100 ಕಿ.ಮೀ. ಓಡಲು ಸುಮಾರು 15 ಯೂನಿಟ್ ಕರೆಂಟು ಬೇಕು. ಅಷ್ಟೂ ಕಲ್ಲಿದ್ದಲಿನದಾದರೆ ಸುಮಾರು 10 ಕೆ.ಜಿ. ಕಲ್ಲಿದ್ದಲು ಉರಿದು, 15 ಕೆ.ಜಿ.ಯಷ್ಟು ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಲೀಟರಿಗೆ 18 ಕಿ.ಮೀ. ಕೊಡುವ ಪೆಟ್ರೋಲ್ ಕಾರು ಅದೇ ದೂರಕ್ಕೆ ಉಗುಳುವುದು 13 ಕೆ.ಜಿ.; ತೈಲ ತೆಗೆದು ಶುದ್ಧೀಕರಿಸುವ ಪಾಲನ್ನೂ ಕೂಡಿಸಿದರೆ ಎರಡೂ ಸರಿಸಮ. ಆದರೆ ನಮ್ಮ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಬೂದಿ. ಪೆಟ್ರೋಲ್ ಕಾರು ಯಾರ ಊರಿಗೂ ಬೂದಿ ಸುರಿಯುವುದಿಲ್ಲ.

ದೇಶದ ಕರೆಂಟೆಲ್ಲ ಕಲ್ಲಿದ್ದಲಿನದಲ್ಲ, ಗಾಳಿ, ಬಿಸಿಲು, ನೀರಿನದೂ ಉಂಟು. ಆ ಸರಾಸರಿ ಹಿಡಿದರೆ ಎಲೆಕ್ಟ್ರಿಕ್ ಕಾರು (ಇವಿ) ಗೆಲ್ಲುತ್ತದೆ, 100 ಕಿ.ಮೀ.ಗೆ ನಾಲ್ಕೈದು ಕೆ.ಜಿ. ಉಳಿತಾಯ. ಆದರೆ ಅದು ಸಾಲ ಹೊತ್ತೇ ಹುಟ್ಟಿರುತ್ತದೆ: 30 ಯೂನಿಟ್ ಹಿಡಿಯುವ ಬ್ಯಾಟರಿ ತಯಾರಿಸುವಾಗಲೇ ಎರಡು–ಮೂರು ಟನ್ ಕಾರ್ಬನ್ ಡೈಆಕ್ಸೈಡ್ ಹೊರಬಿದ್ದಿರುತ್ತದೆ. ಸಾಲ ತೀರಲು ಅರ್ಧ ಲಕ್ಷ ಕಿ.ಮೀ. ಓಡಬೇಕು. ದಿನವಿಡೀ ತಿರುಗುವ ಟ್ಯಾಕ್ಸಿಗೆ ಅದು ವರ್ಷದ ಮಾತು. ವಾರಕ್ಕೊಮ್ಮೆ ಶಹಾಪುರದ ಸಂತೆಗೆ ಹೋಗಿ, ಉಳಿದ ದಿನ ಬೇವಿನ ಮರದಡಿ ನಿಲ್ಲುವ ಕಾರಿಗೆ? ಬ್ಯಾಟರಿಯ ಆಯುಷ್ಯವೇ ಮೊದಲು ಮುಗಿದೀತು.

ಬ್ಯಾಟರಿಗೆ ಬೇಕಾದ ಲಿಥಿಯಂ ವಿಚಾರದಲ್ಲಿ ನಮ್ಮ ಜಿಲ್ಲೆಯ ಹೆಸರು ಸಂಸತ್ತಿನವರೆಗೆ ಹೋಗಿದೆ. ಮಂಡ್ಯ ಜಿಲ್ಲೆಯಲ್ಲಿ 1,600 ಟನ್ ಲಿಥಿಯಂ ಗುರುತಿಸಲಾಗಿದೆ, ಯಾದಗಿರಿಯಲ್ಲಿ ಪ್ರಾಥಮಿಕ ಸಮೀಕ್ಷೆ ನಡೆದಿದೆ ಎಂದು 2024ರಲ್ಲಿ ಕೇಂದ್ರ ಸರ್ಕಾರ ತಿಳಿಸಿತು. ಹಿಗ್ಗುವ ಮೊದಲು ಕಾರಿಗೆ ಎಂಟು ಕೆ.ಜಿ.ಯಂತೆ ಭಾಗಿಸಿ. ಒಂದು ಗುಂಜಿಯೂ ವ್ಯರ್ಥವಾಗದಿದ್ದರೆ ಎರಡು ಲಕ್ಷ ಕಾರು. ದೇಶದಲ್ಲಿ ವರ್ಷಕ್ಕೆ ಮಾರಾಟವಾಗುವ ಕಾರು 40 ಲಕ್ಷದ ಮೇಲೆ! ಬಂಡೆಯ ಲಿಥಿಯಂ ಸುಲಭದ ತುತ್ತೂ ಅಲ್ಲ. ಕಲ್ಲನ್ನು ಪುಡಿಮಾಡಿ, ಸಾವಿರ ಡಿಗ್ರಿಗೂ ಮೇಲೆ ಹುರಿದು, ಗಂಧಕಾಮ್ಲದಲ್ಲಿ ಬೇಯಿಸಬೇಕು.

ಹೈಬ್ರಿಡ್ ವಾಸಿಯೇ? ಬಿಡದಿಯಲ್ಲಿ ತಯಾರಾಗುವ ಇನೋವಾ ಹೈಕ್ರಾಸ್‌ನಂಥ ಕಾರು ಬ್ರೇಕ್ ಒತ್ತಿದಾಗ ಪೋಲಾಗುವ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಿಗ್ನಲ್ಲಿಗೊಮ್ಮೆ ನಿಲ್ಲುವ ಪಟ್ಟಣದಲ್ಲಿ ಇದು ಚೆಂದ. ಭತ್ತದ ಗದ್ದೆಗಳ ನಡುವಿನ ಖಾಲಿ ರಸ್ತೆಯಲ್ಲಿ ಬ್ರೇಕಿಗೆ ಕೆಲಸವೇ ಕಮ್ಮಿ. ಹೆಚ್ಚುವರಿ ಮೋಟಾರು, ಬ್ಯಾಟರಿಗಳ ಭಾರ ಹೊತ್ತು ತಿರುಗಿದಂತಾಗುತ್ತದೆ.

ಇನ್ನು ಇಲ್ಲಿನ ಬಿಸಿಲು. ಮೇ ತಿಂಗಳಲ್ಲಿ 43–44 ಡಿಗ್ರಿ ಹೊಸತಲ್ಲ. ಬ್ಯಾಟರಿಗೆ ಹಿತವಾದದ್ದು 35ರ ಒಳಗೆ. ತಾಪ ಏರಿದಂತೆ ಒಳಗಿನ ರಾಸಾಯನಿಕ ಸವೆತದ ವೇಗವೂ ಏರುತ್ತದೆ, ಪೂರ್ತಿ ಚಾರ್ಜಾಗಿ ಬಿಸಿಲಿಗೆ ನಿಂತಿದ್ದರಂತೂ ಇನ್ನೂ ಜಾಸ್ತಿ. ತೊಡಕು ಏನೆಂದರೆ, ಸೌರ ವಿದ್ಯುತ್ ಸಿಗುವುದು ಸುಡುವ ಮಧ್ಯಾಹ್ನವೇ. ತಂಪು ಹೊತ್ತೆಂದು ರಾತ್ರಿ ಚಾರ್ಜಿಗಿಟ್ಟರೆ ಮತ್ತೆ ಶಕ್ತಿನಗರದ ಕಲ್ಲಿದ್ದಲು. ಹಾಗಾಗಿ ಈ ಭಾಗದಲ್ಲಿ ಇವಿ ಕೊಳ್ಳುವವರು ಕಾರಿಗಿಂತ ಮೊದಲು ಗಾಳಿಯಾಡುವ ಒಂದು ಶೆಡ್ ಕಟ್ಟಿಸಬೇಕು, ಅದರ ಮಾಡಿಗೆ ಸೌರಫಲಕ ಹಾಕಿಸಬೇಕು. ಶೋರೂಮಿನವರು ಹೇಳುವ ಬೆಲೆಯಲ್ಲಿ ಈ ಖರ್ಚು ಸೇರಿರುವುದಿಲ್ಲ.