ನವೆಂಬರ್ ಹೊಗೆಗೆ ಮೇ ತಿಂಗಳಲ್ಲೇ ಮದ್ದು

ಪ್ರತಿ ವರ್ಷ ದೀಪಾವಳಿ ಮುಗಿಯುತ್ತಿದ್ದ ಹಾಗೆ ದೆಹಲಿಯ ಅವೇ ಫೋಟೊಗಳು ನಮ್ಮ ಮೊಬೈಲ್‌ಗೆ ಬರುತ್ತವೆ. ಹೊಗೆಯಲ್ಲಿ ಮುಳುಗಿದ ಇಂಡಿಯಾ ಗೇಟ್, ಮಾಸ್ಕ್ ಹಾಕಿಕೊಂಡ ಮಕ್ಕಳು, ರಜೆ ಕೊಟ್ಟ ಶಾಲೆಗಳು. "ಸದ್ಯ, ನಾವು ಅಲ್ಲಿಲ್ಲ" ಅಂದುಕೊಂಡು ಮುಂದೆ ಸ್ಕ್ರೋಲ್ ಮಾಡ್ತೀವಿ. ಆದರೆ ನಮ್ಮಲ್ಲೇ ಎಷ್ಟೋ ಜನ ಪ್ಲೇಸ್‌ಮೆಂಟ್ ಆದಮೇಲೆ ಗುರುಗ್ರಾಮಕ್ಕೋ ನೋಯ್ಡಾಗೋ ಹೋಗಿ ಅದೇ ಗಾಳಿಯನ್ನು ಉಸಿರಾಡಬೇಕಾದವರು. ಈ ಹೊಗೆ ಚಳಿಗಾಲದಲ್ಲೇ ಯಾಕೆ ಬರುತ್ತೆ, ಅದನ್ನು ಕಡಿಮೆ ಮಾಡೋಕೆ ಆಗುತ್ತಾ, ಸ್ವಲ್ಪ ಎಂಜಿನಿಯರ್‌ಗಳ ಹಾಗೆ ನೋಡೋಣ.

ಸೊಳ್ಳೆ ಬತ್ತಿ ಲೆಕ್ಕ

ಹಾಸ್ಟೆಲ್ ರೂಮಿನಲ್ಲಿ ಕಿಟಕಿ ಮುಚ್ಚಿ ಒಂದು ಸೊಳ್ಳೆ ಬತ್ತಿ ಹಚ್ಚಿ. ಹತ್ತು ನಿಮಿಷಕ್ಕೆ ಕೆಮ್ಮು ಬರುತ್ತೆ. ಅದೇ ಬತ್ತಿಯನ್ನು ಆಡಿಟೋರಿಯಂನಲ್ಲಿ ಹಚ್ಚಿದರೆ ಯಾರಿಗೂ ಗೊತ್ತೇ ಆಗೋದಿಲ್ಲ. ಹೊಗೆ ಅಷ್ಟೇ, ಡಬ್ಬಿ ಮಾತ್ರ ಬೇರೆ.

ದೆಹಲಿಯಲ್ಲಿ ಆಗುವುದೂ ಇದೇ. ಬೇಸಿಗೆಯ ಮಧ್ಯಾಹ್ನ ಬಿಸಿಯಾದ ನೆಲ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಹೊಗೆ 2 ಕಿಲೋಮೀಟರ್‌ಗೂ ಹೆಚ್ಚು ಎತ್ತರದವರೆಗೆ ಬೆರೆತು ತೆಳುವಾಗುತ್ತದೆ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗಿ, ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚನೆ ಗಾಳಿ ಕೂರುತ್ತದೆ. ಭಾರದ ತಂಪು ಗಾಳಿ ಮೇಲೇಳುವುದಿಲ್ಲ. ಕೆಲವೇ ನೂರು ಮೀಟರ್ ಎತ್ತರದಲ್ಲಿ ಪಾತ್ರೆಗೆ ಮುಚ್ಚಳ ಹಾಕಿದಂತಾಗುತ್ತದೆ. ಇದೇ ಥರ್ಮಲ್ ಇನ್ವರ್ಷನ್. ಜೊತೆಗೆ ಬೀಸುವ ಗಾಳಿಯೂ ಮಂದವಾಗುತ್ತದೆ. ಡಬ್ಬಿಯ ಎತ್ತರ ಐದನೇ ಒಂದು ಭಾಗವಾಗಿ, ಗಾಳಿಯ ವೇಗ ಅರ್ಧವಾದರೆ, ಅದೇ ಹೊಗೆ 10 ಪಟ್ಟು ದಟ್ಟವಾಗುತ್ತೆ. ಒಂದೂ ಹೊಸ ವಾಹನ ರಸ್ತೆಗೆ ಇಳಿಯಬೇಕಾಗಿಲ್ಲ!

ಇದರಲ್ಲಿ ಅಪಾಯಕಾರಿಯಾದದ್ದು ಪಿಎಂ 2.5, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಸುಮಾರು 30 ಪಟ್ಟು ಸಣ್ಣ ಕಣಗಳು. ಇವು ಶ್ವಾಸಕೋಶದ ತಳಕ್ಕೆ, ಅಲ್ಲಿಂದ ರಕ್ತಕ್ಕೂ ಇಳಿಯುತ್ತವೆ. ಒಂದು ದಿನದ ಸರಾಸರಿ ಘನ ಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಮಿತಿ 60. ದೆಹಲಿಯ ಕೆಟ್ಟ ದಿನಗಳಲ್ಲಿ ಇದು 300 ದಾಟುವುದೂ ಉಂಟು.

ರೈತ ಒಬ್ಬನೇ ಕಾರಣವಾ?

ಪಂಜಾಬ್, ಹರಿಯಾಣದ ರೈತರು ಭತ್ತದ ಕೂಳೆ ಸುಡುವುದು ನಿಜ. ಆದರೆ ಯಾಕೆ ಸುಡ್ತಾರೆ ಅಂತ ಕೇಳಬೇಕು. ಅಂತರ್ಜಲ ಉಳಿಸಲು 2009ರಲ್ಲಿ ಪಂಜಾಬ್ ಒಂದು ಕಾಯ್ದೆ ತಂದು ಭತ್ತದ ನಾಟಿಯನ್ನು ಜೂನ್‌ಗೆ ಮುಂದೂಡಿತು. ಕೊಯ್ಲೂ ತಡವಾಯಿತು. ಗೋಧಿ ಬಿತ್ತನೆಗೆ ಎರಡು ಮೂರು ವಾರವಷ್ಟೇ ಉಳಿಯುತ್ತೆ. ಕಂಬೈನ್ ಹಾರ್ವೆಸ್ಟರ್ ತೆನೆ ಕತ್ತರಿಸಿ ಉದ್ದನೆ ಕೂಳೆ ಬಿಟ್ಟು ಹೋಗುತ್ತದೆ. ಕಡ್ಡಿ ಗೀರುವುದೇ ಅಗ್ಗದ ದಾರಿ. ನೀರು ಉಳಿಸಲು ಹೋಗಿ, ಹೊಗೆಯನ್ನು ಗಾಳಿ ನಿಲ್ಲುವ ಕಾಲಕ್ಕೆ ತಂದು ನಿಲ್ಲಿಸಿದಂತಾಯಿತು.

ಕೆಲವು ದಿನ ದೆಹಲಿಯ ಪಿಎಂ 2.5ರಲ್ಲಿ ಈ ಹೊಗೆಯ ಪಾಲು ಮೂರನೇ ಒಂದು ಭಾಗವನ್ನೂ ಮೀರುತ್ತೆ. ಆದರೆ ನವೆಂಬರ್ ಕೊನೆಗೆ ಗದ್ದೆಯ ಬೆಂಕಿ ಆರಿರುತ್ತೆ. ಡಿಸೆಂಬರ್, ಜನವರಿಯಲ್ಲೂ ಗಾಳಿ ಹಾಗೇ ಇರುತ್ತಲ್ಲ? ಅದು ವಾಹನ, ಕಾರ್ಖಾನೆ, ಕಲ್ಲಿದ್ದಲು ವಿದ್ಯುತ್ ಸ್ಥಾವರ, ರಸ್ತೆ ಧೂಳು, ಕಸದ ಬೆಂಕಿ, ಚಳಿ ಕಾಯಿಸುವ ಸೌದೆ, ಇವುಗಳ ಹೊಗೆ. ಇವುಗಳಲ್ಲಿ ಹೆಚ್ಚಿನವು ವರ್ಷವಿಡೀ ಇರುವಂಥವು. ಚಳಿಗಾಲ ಅವನ್ನು ಹುಟ್ಟಿಸಲ್ಲ, ತೋರಿಸುತ್ತೆ ಅಷ್ಟೇ.

ಟವರ್ ಕಟ್ಟಿದರೆ ಸಾಕಾ?

2021ರಲ್ಲಿ ಕನಾಟ್ ಪ್ಲೇಸ್‌ನಲ್ಲಿ 20 ಕೋಟಿ ರೂಪಾಯಿಗೂ ಹೆಚ್ಚು ಖರ್ಚು ಮಾಡಿ ಸ್ಮಾಗ್ ಟವರ್ ಕಟ್ಟಿದರು. 40 ಫ್ಯಾನ್, ಸೆಕೆಂಡಿಗೆ 1000 ಘನ ಮೀಟರ್ ಗಾಳಿ ಶುದ್ಧ ಮಾಡುವ ಸಾಮರ್ಥ್ಯ. ಕೇಳೋಕೆ ಭಾರಿ ಅನ್ಸುತ್ತೆ. ಕ್ಯಾಲ್ಕುಲೇಟರ್ ತಗೊಳ್ಳಿ. ದೆಹಲಿಯ ವಿಸ್ತೀರ್ಣ ಸುಮಾರು 1484 ಚದರ ಕಿಲೋಮೀಟರ್. ಮುಚ್ಚಳದ ಎತ್ತರ 300 ಮೀಟರ್ ಅಂದುಕೊಂಡರೂ ಆ ಗಾಳಿಯನ್ನು ಒಮ್ಮೆ ಸೋಸಲು ಒಂದು ಟವರ್‌ಗೆ ಸುಮಾರು 14 ವರ್ಷ ಬೇಕು! ಅಷ್ಟರಲ್ಲಿ ಹೊಸ ಹೊಗೆ ಎಷ್ಟು ಬಂದಿರುತ್ತೋ.

ಇನ್ನೊಂದು ಕ್ರಮ ಗ್ರಾಪ್. ಗಾಳಿ ಕೆಟ್ಟಂತೆಲ್ಲ ಹಂತ ಹಂತವಾಗಿ ಕಟ್ಟಡ ಕೆಲಸ, ಡೀಸೆಲ್ ಲಾರಿಗಳನ್ನು ನಿಲ್ಲಿಸುವ ಯೋಜನೆ ಇದು. ತುರ್ತಿಗೆ ಬೇಕು, ಬೇಡ ಅನ್ನೋಕಾಗಲ್ಲ. ಆದರೆ ಇದನ್ನೇ ನೆಚ್ಚಿಕೊಂಡರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಕೆಲಸ ನಿಂತ ದಿನ ಕೂಲಿ ಕಳೆದುಕೊಳ್ಳುವವರು ಕಟ್ಟಡ ಕಾರ್ಮಿಕರು. ಏರ್ ಪ್ಯೂರಿಫೈಯರ್ ಕೊಳ್ಳಲಾಗದವರೂ ಅವರೇ.

ಕೆಲಸ ಮಾಡಿದ್ದು ಯಾವುದು?

ಹೊಗೆ ಹುಟ್ಟುವ ಕಡೆಯೇ ತಡೆದದ್ದು. 1998ರ ಸುಪ್ರೀಂ ಕೋರ್ಟ್ ಆದೇಶದಿಂದ 2002ರ ಕೊನೆಗೆ ದೆಹಲಿಯ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾದವು. ಕೆಲವು ವರ್ಷ ಗಾಳಿ ಸುಧಾರಿಸಿತು. ಆಮೇಲೆ ಖಾಸಗಿ ವಾಹನಗಳು ಏರಿ ಆ ಲಾಭ ಕರಗಿಹೋಯಿತು.

ಬೀಜಿಂಗ್ 2013ರಲ್ಲಿ ಐದು ವರ್ಷದ ಯೋಜನೆ ಹಾಕಿಕೊಂಡಿತು. ಕಲ್ಲಿದ್ದಲು ಬಾಯ್ಲರ್‌ಗಳನ್ನು ತೆಗೆಸಿತು, ಹಳೇ ವಾಹನಗಳನ್ನು ರಸ್ತೆಯಿಂದ ಇಳಿಸಿತು. ಮುಖ್ಯವಾಗಿ ಸುತ್ತಲಿನ ಹೆಬೇ, ಟಿಯಾಂಜಿನ್ ಪ್ರಾಂತ್ಯಗಳನ್ನೂ ಸೇರಿಸಿಕೊಂಡಿತು. ಪಿಎಂ 2.5ರ ವಾರ್ಷಿಕ ಸರಾಸರಿ ಸುಮಾರು 90ರಿಂದ 2017ಕ್ಕೆ 58ಕ್ಕೆ ಇಳಿಯಿತು. ಗಾಳಿಗೆ ರಾಜ್ಯದ ಗಡಿ ಗೊತ್ತಿಲ್ಲ. ದೆಹಲಿ ಒಂದೇ ಎಷ್ಟು ಗುಡಿಸಿದರೂ ಪಕ್ಕದ ರಾಜ್ಯಗಳು ಕೈಜೋಡಿಸದೆ ಪ್ರಯೋಜನವಿಲ್ಲ.

ಗದ್ದೆಗೂ ಉಪಾಯವಿದೆ. ಹ್ಯಾಪಿ ಸೀಡರ್ ಅನ್ನೋ ಯಂತ್ರ ಕೂಳೆಯ ನಡುವೆಯೇ ಗೋಧಿ ಬಿತ್ತುತ್ತದೆ, ಸುಡುವ ಅಗತ್ಯವೇ ಇಲ್ಲ. ಆದರೆ ವರ್ಷಕ್ಕೆ ಕೆಲವೇ ವಾರ ಬಳಸುವ ಯಂತ್ರವನ್ನು ಸಣ್ಣ ರೈತ ಕೊಳ್ಳುವುದು ಕಷ್ಟ. ಸರಿಯಾದ ದಿನಕ್ಕೆ ಬಾಡಿಗೆಗೆ ಸಿಗುವ ಹಾಗೆ ಮಾಡಬೇಕು. ಅದಕ್ಕೆ ಏರ್ಪಾಡು ಬೇಸಿಗೆಯಲ್ಲೇ ಆಗಬೇಕು.

ಚಳಿಗಾಲದ ಮುಚ್ಚಳವನ್ನು ಯಾವ ಎಂಜಿನಿಯರ್ ಕೈಲೂ ಎತ್ತೋಕಾಗಲ್ಲ. ನಮ್ಮ ಕೈಲಿರೋದು ಕೆಳಗಿನ ಬೆಂಕಿ ಮಾತ್ರ. ಮೇ ತಿಂಗಳಲ್ಲಿ ಆಕಾಶ ನೀಲಿಯಾಗಿದ್ದಾಗ ಯಾರಿಗೂ ಹೊಗೆಯ ನೆನಪಿರಲ್ಲ. ಬೆಂಕಿ ಆರಿಸಬೇಕಾದ ಕಾಲ ಅದೇ.